ವೃತ್ತಿಪರ ನರ್ತಕರ ರಿಯಾಲಿಟಿ ಶೋ ಹದಿಹರೆಯದವರು ನೋಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 14 ವರ್ಷ. ಚಿಕ್ಕಂದಿನಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಪಾಯಿಂಟ್ ಶೂ ತೊಟ್ಟು ಬೆರಳ ತುದಿಯ ಮೇಲೆ ನಿಲ್ಲಲು ಗುರುಗಳು ಒಪ್ಪಿಗೆ ಕೊಟ್ಟ ಮೇಲಂತೂ ಅವಳಿಗೆ ಬೇರೆ ಲೋಕವೇ ಇಲ್ಲವಾಗಿದೆ. ಈಗ ಅವಳೂ ಅವಳ ಜೊತೆ ಕಲಿಯುವ ಹುಡುಗಿಯರೂ ‘ಬ್ರೇಕಿಂಗ್ ಪಾಯಿಂಟ್’ ಎಂಬ ರಿಯಾಲಿಟಿ ಶೋ ನೋಡಬೇಕೆಂದು ಹಟ ಹಿಡಿದಿದ್ದಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಬ್ಯಾಲೆ ವೆಸ್ಟ್ ಎಂಬ ನೃತ್ಯ ಕಂಪನಿಯ ನರ್ತಕರ ಬದುಕನ್ನು ತೋರಿಸುವ ಈ ಶೋ 2012 ಮತ್ತು 2013ರಲ್ಲಿ ಎರಡು ಸೀಸನ್‌ಗಳಾಗಿ ದಿ ಸಿಡಬ್ಲ್ಯೂ ವಾಹಿನಿಯಲ್ಲಿ ಪ್ರಸಾರವಾಗಿತ್ತು.

ಅವಳಿಗೆ ಹೂಂ ಎನ್ನುವ ಮೊದಲು ಕೆಲವು ಕಂತುಗಳನ್ನು ನಾನೇ ನೋಡಿದೆ. ನರ್ತಕರ ನಡುವಿನ ಪ್ರೇಮ, ಮುನಿಸು, ಕೆಲಸ ಮುಗಿದ ಮೇಲಿನ ಸಂತೋಷಕೂಟ ಎಲ್ಲವೂ ಅದರಲ್ಲಿವೆ. ಈ ವಯಸ್ಸಿನ ಮಕ್ಕಳು ಬೇರೆ ಕಡೆ ನೋಡುವುದಕ್ಕೆ ಹೋಲಿಸಿದರೆ ಅದು ಸೌಮ್ಯವೇ ಸರಿ. ನನ್ನನ್ನು ಕಾಡಿದ್ದು ಬೇರೆ ದೃಶ್ಯ. ಕಂಪನಿಯ ಕಲಾ ನಿರ್ದೇಶಕ ಆಡಮ್ ಸ್ಕ್ಲೂಟ್ ಅವರು ನರ್ತಕರನ್ನು ಕರೆಸಿಕೊಂಡು, ಮುಂದಿನ ವರ್ಷಕ್ಕೆ ಒಪ್ಪಂದ ಉಂಟೇ ಇಲ್ಲವೇ, ಬಡ್ತಿ ಉಂಟೇ ಇಲ್ಲವೇ ಎಂಬುದನ್ನು ತಿಳಿಸುತ್ತಾರೆ. ಇಷ್ಟು ವರ್ಷ ಹಗಲಿರುಳು ದುಡಿದ ಒಬ್ಬ ಯುವತಿಗೆ ಒಪ್ಪಂದ ಸಿಗುವುದಿಲ್ಲ. ಅವಳ ಮುಖ ನೋಡಲು ನನಗೇ ಆಗಲಿಲ್ಲ. ನನ್ನ ಮಗಳು ಅದನ್ನು ನೋಡಿ ಏನನ್ನು ತಲೆಗೆ ಹಚ್ಚಿಕೊಳ್ಳುತ್ತಾಳೆ? ಒಂದು ಮೈಕಟ್ಟು, ಒಂದು ಎತ್ತರ, ಒಬ್ಬರ ಮೆಚ್ಚುಗೆ ಇಷ್ಟರ ಮೇಲೆಯೇ ತನ್ನ ಬೆಲೆ ನಿಂತಿದೆ ಎಂದು ನಂಬಿಬಿಡುವುದಿಲ್ಲವೇ? ಹಾಗೆಂದು ಬೇಡ ಅಂದುಬಿಟ್ಟರೆ, ಅವಳು ಇಷ್ಟು ಪ್ರೀತಿಸುವ ಕೆಲಸದ ನಿಜವಾದ ಮುಖವನ್ನು ನಾನೇ ಅವಳಿಂದ ಮುಚ್ಚಿಟ್ಟಂತಾಗುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಿ: ಎಷ್ಟನೆಯ ವಯಸ್ಸಿಗೆ, ಯಾವ ರೀತಿಯಲ್ಲಿ ಇಂಥದನ್ನು ನೋಡಲು ಬಿಡಬಹುದು?

ಪ್ರತಿಕ್ರಿಯೆ 1 (ನೃತ್ಯ ಶಿಕ್ಷಕಿ)

ಮೇಡಂ, ಹದಿಹರೆಯದ ಮಕ್ಕಳಿಗೆ ನೃತ್ಯ ಕಲಿಸುವುದೇ ನನ್ನ ವೃತ್ತಿ. ನೋಡಲಿ, ಆದರೆ ನಿಮ್ಮ ಜೊತೆ ಕುಳಿತು ನೋಡಲಿ ಎಂಬುದು ನನ್ನ ಉತ್ತರ. ನಿಮ್ಮ ಮಗಳು ನೃತ್ಯ ಕಲಿಯದವಳಾಗಿದ್ದರೆ ನಾನು ಇಷ್ಟು ಎಚ್ಚರಿಕೆಯನ್ನೂ ಹೇಳುತ್ತಿರಲಿಲ್ಲ.

ವಯಸ್ಸಿನ ಮುದ್ರೆಗಳು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ 1997ರಿಂದ ‘ಟಿವಿ-ಪಿಜಿ’ (ಹೆತ್ತವರ ಮಾರ್ಗದರ್ಶನ ಬೇಕು), ‘ಟಿವಿ-14’ (14ಕ್ಕಿಂತ ಕಿರಿಯರಿಗೆ ತಕ್ಕದ್ದಲ್ಲದಿರಬಹುದು) ಎಂಬಂಥ ಮುದ್ರೆಗಳಿವೆ. ಅವುಗಳ ಜೊತೆ ಸೂಚ್ಯ ಸಂಭಾಷಣೆಗೆ ಡಿ, ಒರಟು ಭಾಷೆಗೆ ಎಲ್, ಲೈಂಗಿಕ ಸನ್ನಿವೇಶಕ್ಕೆ ಎಸ್, ಹಿಂಸೆಗೆ ವಿ ಎಂದು ಅಕ್ಷರಗಳನ್ನೂ ಹಾಕುತ್ತಾರೆ. ತನ್ನ ದೇಹವನ್ನು ಇಡೀ ದಿನ ಕನ್ನಡಿಯಲ್ಲಿ ನೋಡಿಕೊಂಡು ಕೊರಗುವ ಮನುಷ್ಯರನ್ನು ತೋರಿಸಿದರೆ ಅದಕ್ಕೆ ಯಾವ ಅಕ್ಷರವೂ ಇಲ್ಲ. ಮುತ್ತು, ಮದ್ಯ, ಬೈಗುಳ ಇವನ್ನು ಎಣಿಸಿ ವಯಸ್ಸು ನಿಗದಿಮಾಡುವ ಪದ್ಧತಿ ನೃತ್ಯದ ಕಾರ್ಯಕ್ರಮಗಳ ಮಟ್ಟಿಗೆ ಏನನ್ನೂ ಹೇಳುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯವನ್ನು ಯೋಚಿಸಿ. ವೈದ್ಯರ ಬದುಕನ್ನೋ ಪೊಲೀಸರ ಬದುಕನ್ನೋ ತೋರಿಸುವ ಕಾರ್ಯಕ್ರಮವನ್ನು 14ರ ಹುಡುಗಿ ನೋಡಿದರೆ ಅದು ದೊಡ್ಡವರ ಲೋಕ, ಅವಳಿಂದ ಬಹಳ ದೂರ. ಬ್ಯಾಲೆಯಲ್ಲಿ ಹಾಗಲ್ಲ. ಹುಡುಗಿಯರು 11-12ರ ಸುಮಾರಿಗೆ ಪಾಯಿಂಟ್ ಶೂ ತೊಡುತ್ತಾರೆ, ವೃತ್ತಿಯತ್ತ ಹೊರಟವರು 15-16ಕ್ಕೆಲ್ಲ ದಿನದ ಬಹುಪಾಲನ್ನು ತಾಲೀಮಿನಲ್ಲಿ ಕಳೆಯುತ್ತಾರೆ, 17ರಿಂದ 19ರೊಳಗೆ ಹಲವರು ಕಂಪನಿ ಸೇರುತ್ತಾರೆ, ಮೂವತ್ತೈದರ ಆಸುಪಾಸಿನಲ್ಲಿ ಬಹಳ ಮಂದಿ ರಂಗದಿಂದ ನಿವೃತ್ತರಾಗುತ್ತಾರೆ. ಈ ಶೋನಲ್ಲೇ ಹದಿಹರೆಯ ಈಗಷ್ಟೇ ಮುಗಿಯುತ್ತಿರುವ ಪ್ರತಿಭಾವಂತೆಯೊಬ್ಬಳು ಮೇಲೇರುತ್ತಿರುವುದನ್ನೂ, ಬಹುಕಾಲದಿಂದ ಪ್ರಧಾನ ನರ್ತಕಿಯಾಗಿರುವ ಇನ್ನೊಬ್ಬರು ತಮ್ಮ ಸ್ಥಾನದ ಬಗ್ಗೆ ಚಿಂತಿಸುವುದನ್ನೂ ಎದುರುಬದುರಾಗಿ ತೋರಿಸಿದ್ದಾರೆ. ನಿಮ್ಮ ಮಗಳಿಗೂ ಆ ಕಿರಿಯ ನರ್ತಕಿಗೂ ನಡುವೆ ಇರುವುದು ನಾಲ್ಕೈದು ವರ್ಷಗಳ ಅಂತರ ಮಾತ್ರ. ಅವಳು ಕತೆ ಎಂದುಕೊಂಡು ನೋಡುವುದಿಲ್ಲ, ತನ್ನ ಮುಂದಿನ ವರ್ಷಗಳನ್ನೇ ನೋಡುತ್ತಾಳೆ. ನನ್ನ ವಿದ್ಯಾರ್ಥಿನಿಯರು ಇಂಥ ಕಾರ್ಯಕ್ರಮ ನೋಡಿ ಬಂದ ಮರುದಿನ ತರಗತಿಯಲ್ಲಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುವುದನ್ನು ಕಂಡಿದ್ದೇನೆ. ಅವರಿಗೆ ಯಾರೂ ಏನೂ ಹೇಳಿರುವುದಿಲ್ಲ. ಪರದೆಯ ಮೇಲಿನ ಉದ್ದನೆಯ ಕಾಲು, ಚಪ್ಪಟೆ ಹೊಟ್ಟೆ ಹೇಳಿರುತ್ತವೆ.

ಒಪ್ಪಂದದ ದೃಶ್ಯದ ಬಗ್ಗೆ ನೀವು ಕೇಳಿದ್ದೀರಿ. ಅದನ್ನು ತಪ್ಪಿಸಬೇಡಿ, ಆದರೆ ಅದರ ಹಿನ್ನೆಲೆಯನ್ನು ಅವಳಿಗೆ ಮೊದಲೇ ತಿಳಿಸಿ. ಬ್ಯಾಲೆ ಕಂಪನಿಗಳಲ್ಲಿ ಒಪ್ಪಂದವನ್ನು ಸಾಮಾನ್ಯವಾಗಿ ಒಂದೊಂದು ವರ್ಷಕ್ಕೇ ಮಾಡಿಕೊಳ್ಳುತ್ತಾರೆ. ‘ಕೋರ್ ದ ಬ್ಯಾಲೆ’ ಎನ್ನುವ ಸಮೂಹ ನರ್ತಕರು, ಅವರ ಮೇಲೆ ಒಂಟಿಯಾಗಿ ನರ್ತಿಸುವ ಭಾಗಗಳನ್ನು ಪಡೆಯುವ ಸೋಲೋಯಿಸ್ಟರು, ಎಲ್ಲರಿಗಿಂತ ಮೇಲೆ ಪ್ರಿನ್ಸಿಪಲ್‌ಗಳು ಅಂದರೆ ಪ್ರಧಾನ ನರ್ತಕರು ಎಂಬ ಶ್ರೇಣಿಯಿರುತ್ತದೆ, ಒಂದೊಂದು ಶ್ರೇಣಿಯಲ್ಲಿಯೂ ಬಜೆಟ್ಟು ಅನುಮತಿಸುವಷ್ಟೇ ಸ್ಥಾನಗಳು. ಮುಂದಿನ ವರ್ಷ ಯಾವ ಕೃತಿಗಳನ್ನು ಪ್ರದರ್ಶಿಸಬೇಕು, ಸಾಲಾಗಿ ನಿಂತಾಗ ಸಮೂಹ ನರ್ತಕಿಯರ ಎತ್ತರ ಹೊಂದುತ್ತದೆಯೇ, ಇರುವ ಪುರುಷ ನರ್ತಕರಿಗೆ ಯಾವ ಜೋಡಿ ಸರಿಬರುತ್ತದೆ ಎಂಬುದನ್ನೆಲ್ಲ ನಿರ್ದೇಶಕರು ತೂಗಿನೋಡಬೇಕಾಗುತ್ತದೆ. ಒಂದು ಕಂಪನಿಯಲ್ಲಿ ಜಾಗ ಸಿಗದವರು ಇನ್ನೊಂದು ಕಂಪನಿಯಲ್ಲಿ ವರ್ಷಗಟ್ಟಲೆ ನರ್ತಿಸಿದ ಉದಾಹರಣೆಗಳು ಈ ವೃತ್ತಿಯಲ್ಲಿ ತೀರ ಸಾಮಾನ್ಯ. ಟಿವಿಯಲ್ಲಿ ಇದಾವುದೂ ಕಾಣುವುದಿಲ್ಲ. ಬಾಗಿಲು ತೆರೆಯುತ್ತದೆ, ಅಳುವ ಮುಖವೊಂದು ಹೊರಗೆ ಬರುತ್ತದೆ, ನೋಡುವ ಹುಡುಗಿ ‘ಅವಳು ಚೆನ್ನಾಗಿರಲಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಶೋ ನೋಡಲಿ ಎಂದು ನಾನು ಹೇಳಲು ಬಲವಾದ ಕಾರಣವಿದೆ. ಪ್ರದರ್ಶನದಲ್ಲಿ ಎಂದೂ ಕಾಣದ ದುಡಿಮೆ ಇಂಥ ಕಾರ್ಯಕ್ರಮಗಳಲ್ಲಿ ಕಾಣುತ್ತದೆ. ಪಾಯಿಂಟ್ ಶೂವಿನ ಮುಂಭಾಗ ಬಟ್ಟೆ ಮತ್ತು ಕಾಗದವನ್ನು ಪದರ ಪದರವಾಗಿ ಅಂಟುಹಾಕಿ ಗಟ್ಟಿಮಾಡಿದ್ದು. ದೊಡ್ಡ ಪಾತ್ರ ಮಾಡುವ ನರ್ತಕಿಯ ಕಾಲಿನಲ್ಲಿ ಅದು ಒಂದೇ ಪ್ರದರ್ಶನಕ್ಕೆ ಮೆತ್ತಗಾಗಿ ಹೋಗಬಹುದು. ಹಾಗಾಗಿ ಪ್ರಧಾನ ನರ್ತಕಿಯರೂ ಬಿಡುವು ಸಿಕ್ಕಾಗಲೆಲ್ಲ ನೆಲದ ಮೇಲೆ ಕುಳಿತು, ಹೊಸ ಶೂವಿನ ಅಟ್ಟೆಯನ್ನು ಕೈಯಿಂದ ಬಗ್ಗಿಸಿ ಹದಮಾಡಿಕೊಂಡು, ಜಾರದಂತೆ ತಳವನ್ನು ಕೆರೆದು, ರಿಬ್ಬನ್ನನ್ನೂ ಎಲಾಸ್ಟಿಕ್ಕನ್ನೂ ತಮ್ಮ ಪಾದದ ಅಳತೆಗೆ ತಾವೇ ಸೂಜಿ ದಾರ ಹಿಡಿದು ಹೊಲಿದುಕೊಳ್ಳುತ್ತಾರೆ. ಎಷ್ಟೇ ಹೆಸರು ಮಾಡಿದವರಾದರೂ ಪ್ರತಿ ಬೆಳಗ್ಗೆ ಆಧಾರದ ಅಡ್ಡಕಂಬಿಯಾದ ಬಾರ್ ಹಿಡಿದು ನಿಂತು, ಮೊದಲ ವರ್ಷದ ಮಕ್ಕಳು ಮಾಡುವ, ಮೊಣಕಾಲು ಬಾಗಿಸುವ ಪ್ಲಿಯೆಯಿಂದಲೇ ದಿನವನ್ನು ಆರಂಭಿಸುತ್ತಾರೆ. ಇದನ್ನು ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ನಾಟದು, ಕಣ್ಣಾರೆ ಕಂಡರೆ ನಾಟುತ್ತದೆ.

ಪ್ರತಿಕ್ರಿಯೆ 2 (ಟಿವಿ ಸಂಕಲನಕಾರ)

ಮೇಲೆ ಶಿಕ್ಷಕಿಯವರು ಹೇಳಿದ್ದು ಸರಿ. ನಾನು ರಿಯಾಲಿಟಿ ಕಾರ್ಯಕ್ರಮಗಳ ಸಂಕಲನ ಮಾಡಿದವನಾದ್ದರಿಂದ ಒಂದು ವಿಷಯವನ್ನು ಸೇರಿಸುತ್ತೇನೆ. ಅಮೆರಿಕದ ವಾಣಿಜ್ಯ ವಾಹಿನಿಗಳಲ್ಲಿ ಒಂದು ಗಂಟೆಯ ಕಂತು ಎಂದರೆ ಜಾಹೀರಾತು ಕಳೆದು ಉಳಿಯುವುದು ಸುಮಾರು 42 ನಿಮಿಷ. ಅದಕ್ಕಾಗಿ ಚಿತ್ರಿಸಿದ ದೃಶ್ಯಗಳು ಅದರ ಎಷ್ಟೋ ಪಾಲು ಹೆಚ್ಚಿರುತ್ತವೆ. ನರ್ತಕರು ದಿನಕ್ಕೆ ಆರು ಗಂಟೆ ತಾಲೀಮು ಮಾಡಿದರೂ ಅದರಲ್ಲಿ ನಾಟಕೀಯವಾದದ್ದು ಕಡಿಮೆ, ಒಂದೇ ಚಲನೆಯನ್ನು ಮತ್ತೆ ಮತ್ತೆ ತಿದ್ದುವುದೇ ಹೆಚ್ಚು. ಹಾಗಾಗಿ ತಾಲೀಮು ಚೂರುಚೂರಾಗಿ ಉಳಿಯುತ್ತದೆ, ಜಗಳವೂ ಕಣ್ಣೀರೂ ಪೂರ್ತಿಯಾಗಿ ಉಳಿಯುತ್ತವೆ. ಈ ಶೋ ಪ್ರಸಾರ ಮಾಡಿದ ವಾಹಿನಿಯಂತೂ ಯುವ ವೀಕ್ಷಕರನ್ನೇ ನೆಚ್ಚಿಕೊಂಡದ್ದು. ಪ್ರೇಮಪ್ರಕರಣಗಳಿಗೆ ಅಷ್ಟು ಜಾಗ ಸಿಕ್ಕಿದ್ದು ಆಕಸ್ಮಿಕವಲ್ಲ.

ಪಾತ್ರಧಾರಿ ಒಬ್ಬನೇ ಕುಳಿತು ಕ್ಯಾಮೆರಾದ ಕಡೆ ಮಾತನಾಡುವ ಭಾಗಗಳನ್ನು ನಿಮ್ಮ ಮಗಳಿಗೆ ವಿಶೇಷವಾಗಿ ತೋರಿಸಿ ವಿವರಿಸಿ. ಅವನ್ನು ಘಟನೆ ನಡೆದು ದಿನಗಳು ಅಥವಾ ವಾರಗಳು ಕಳೆದ ಮೇಲೂ ಚಿತ್ರಿಸುತ್ತಾರೆ. ಎದುರಿಗೆ ಕುಳಿತ ನಿರ್ಮಾಪಕರು ಪ್ರಶ್ನೆ ಕೇಳುತ್ತಿರುತ್ತಾರೆ, ಆ ಪ್ರಶ್ನೆಯನ್ನು ನಾವು ಕತ್ತರಿಸಿಬಿಡುತ್ತೇವೆ. ‘ಆ ಪಾತ್ರ ಅವಳಿಗೆ ಸಿಕ್ಕಾಗ ನಿಮಗೆ ಹೊಟ್ಟೆಕಿಚ್ಚಾಯಿತೇ?’ ಎಂದು ಕೇಳಿದರೆ, ಇಲ್ಲವೆಂದು ಹೇಳುವ ಸಜ್ಜನರೂ ವಾಕ್ಯದ ನಡುವೆ ಆ ಮಾತನ್ನು ಬಳಸಿಯೇ ಬಳಸುತ್ತಾರೆ. ಒಬ್ಬರು ಬೇರೆ ಬೇರೆ ಸಮಯದಲ್ಲಿ ಆಡಿದ ಮಾತುಗಳ ತುಣುಕುಗಳನ್ನು ಜೋಡಿಸಿ ಒಂದೇ ವಾಕ್ಯವಾಗಿಸುವ ರೂಢಿಯೂ ಇದೆ, ಈ ಉದ್ಯಮದಲ್ಲಿ ಅದನ್ನು ಫ್ರ್ಯಾಂಕನ್‌ಬೈಟ್ ಎನ್ನುತ್ತಾರೆ. ಈ ನಿರ್ದಿಷ್ಟ ಶೋನಲ್ಲಿ ಹಾಗೆ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಗುರುತಿಸುವುದು ಹೇಗೆ ಎಂದರೆ, ಮಾತನಾಡುವವರ ಮುಖದಿಂದ ಚಿತ್ರ ಬೇರೆಡೆಗೆ ಹೊರಳಿದ ಮೇಲೂ ಮಾತು ಮುಂದುವರಿದರೆ ಅಲ್ಲಿ ಜೋಡಣೆಗೆ ಅವಕಾಶವಿದೆ ಎಂದು ತಿಳಿಯಬೇಕು. 14ರ ಮಕ್ಕಳು ಈ ತಂತ್ರವನ್ನು ಒಮ್ಮೆ ಹೇಳಿಕೊಟ್ಟರೆ ನಮಗಿಂತ ಚುರುಕಾಗಿ ಹಿಡಿಯುತ್ತಾರೆ.

ಎಲ್ಲ ನೃತ್ಯ ಶೋಗಳನ್ನೂ ಒಂದೇ ಗುಂಪಿಗೆ ಸೇರಿಸಬಾರದು ಎಂಬುದನ್ನೂ ಹೇಳಬೇಕು. 2005ರಲ್ಲಿ ಆರಂಭವಾದ ‘ಸೋ ಯು ಥಿಂಕ್ ಯು ಕ್ಯಾನ್ ಡ್ಯಾನ್ಸ್’ ಸ್ಪರ್ಧೆ, ಅಲ್ಲಿ ಬಹುಕಾಲ ವೀಕ್ಷಕರ ಮತವೂ ತೀರ್ಪಿನ ಒಂದು ಭಾಗವಾಗಿತ್ತು. 2011ರಲ್ಲಿ ಆರಂಭವಾದ ‘ಡ್ಯಾನ್ಸ್ ಮಾಮ್ಸ್’ನಲ್ಲಿ ಕ್ಯಾಮೆರಾದ ಮುಂದೆ ಬೈಸಿಕೊಳ್ಳುವವರು ಮಕ್ಕಳು. ಅದು ನನ್ನ ದೃಷ್ಟಿಯಲ್ಲಿ ಹದಿಹರೆಯದವರಿಗೆ ಹೆಚ್ಚು ಕೆಡುಕು ಮಾಡುವಂಥದು, ಏಕೆಂದರೆ ಮಗುವನ್ನು ಅವಮಾನಿಸುವುದೇ ಶಿಕ್ಷಣದ ಕ್ರಮ ಎಂಬಂತೆ ಅಲ್ಲಿ ಕಾಣುತ್ತದೆ. ನೀವು ಕೇಳಿದ ಶೋನಲ್ಲಿರುವವರು ವಯಸ್ಕರು, ಸಂಬಳಕ್ಕೆ ದುಡಿಯುವವರು, ಕ್ಯಾಮೆರಾಕ್ಕೆ ಒಪ್ಪಿಗೆ ಕೊಟ್ಟವರು. ಈ ವ್ಯತ್ಯಾಸ ದೊಡ್ಡದು.

ಪ್ರತಿಕ್ರಿಯೆ 3 (ಒಬ್ಬ ತಂದೆ)

ಎಲ್ಲರೂ ಎಚ್ಚರಿಕೆಯ ಕಡೆಗೇ ವಾಲುತ್ತಿರುವುದರಿಂದ ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ನನ್ನ 16ರ ಮಗ ನೃತ್ಯ ಕಲಿಯುತ್ತಾನೆ. ತರಗತಿಯಲ್ಲಿ ಅವನೊಬ್ಬನೇ ಹುಡುಗ. ಶಾಲೆಯಲ್ಲಿ ಅದಕ್ಕಾಗಿ ಅವನು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ. ಇಂಥ ಕಾರ್ಯಕ್ರಮಗಳಲ್ಲಿ ಅವನು ಮೊದಲ ಬಾರಿಗೆ, ನೃತ್ಯವನ್ನೇ ಉದ್ಯೋಗ ಮಾಡಿಕೊಂಡ ಗಂಡಸರು ಬೆಳಗ್ಗೆ ಕೆಲಸಕ್ಕೆ ಹೋಗುವುದನ್ನೂ, ಜೊತೆಗಾತಿಯನ್ನು ತಲೆಯ ಮೇಲಕ್ಕೆ ಎತ್ತಿ ಬೀಳದಂತೆ ಇಳಿಸುವುದನ್ನೂ, ಪಾತ್ರ ಸಿಗದಿದ್ದಾಗ ನೊಂದುಕೊಳ್ಳುವುದನ್ನೂ ಕಂಡ. ಅವನ ಮಟ್ಟಿಗೆ ಅದು ದೊಡ್ಡ ಆಸರೆಯಾಯಿತು.

ಒಪ್ಪಂದ ಸಿಗದ ದೃಶ್ಯವನ್ನು ಕುರಿತು ಹೇಳುವುದಾದರೆ, ಅದೇ ಇಡೀ ಶೋನಲ್ಲಿ ಹದಿಹರೆಯದವರು ತಪ್ಪದೆ ನೋಡಬೇಕಾದ ಭಾಗ ಎಂದು ನನಗನ್ನಿಸುತ್ತದೆ. ನೃತ್ಯಶಾಲೆಗಳ ಜಾಹೀರಾತುಗಳಲ್ಲಿ ಗೆದ್ದವರ ಚಿತ್ರ ಮಾತ್ರ ಇರುತ್ತದೆ. ಕಲಿತವರಲ್ಲಿ ಬಹುಪಾಲು ಮಂದಿಗೆ ಈ ವೃತ್ತಿ ಸಿಗುವುದಿಲ್ಲ, ಸಿಕ್ಕವರಿಗೂ ಅದು ಶಾಶ್ವತವಲ್ಲ ಎಂಬುದನ್ನು ಮಕ್ಕಳು 14ಕ್ಕೇ ತಿಳಿದರೆ, ಶಾಲೆಯ ಓದನ್ನು ಕೈಬಿಡಬೇಕೇ ಬೇಡವೇ ಎಂಬಂಥ ದೊಡ್ಡ ನಿರ್ಧಾರಗಳನ್ನು ಕಣ್ಣು ತೆರೆದು ಮಾಡುತ್ತಾರೆ.

ಪ್ರತಿಕ್ರಿಯೆ 4 (ಫಿಸಿಯೋಥೆರಪಿಸ್ಟ್)

ನಾನು ನರ್ತಕರಿಗೆ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್. ಇಲ್ಲಿಯ ಚರ್ಚೆಯಲ್ಲಿ ನೋವಿನ ವಿಷಯ ಬಂದೇ ಇಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ವೃತ್ತಿಪರ ನರ್ತಕರ ಬಗೆಗಿನ ಕಾರ್ಯಕ್ರಮಗಳಲ್ಲಿ ಗಾಯವಾದರೂ ತಡೆದುಕೊಂಡು ನರ್ತಿಸುವುದನ್ನು ವೀರಗಾಥೆಯಂತೆ ಚಿತ್ರಿಸುವುದುಂಟು. ಕಂಪನಿಯ ನರ್ತಕರ ಹಿಂದೆ ವೈದ್ಯರೂ ಫಿಸಿಯೋಥೆರಪಿಸ್ಟರೂ ಇರುತ್ತಾರೆ, ಅವರ ಮೂಳೆಗಳು ಬೆಳೆದು ಮುಗಿದಿರುತ್ತವೆ. 14ರ ಹುಡುಗಿಯ ಮೂಳೆಗಳ ತುದಿಯಲ್ಲಿ, ಮೂಳೆ ಉದ್ದವಾಗುವ ಮೆದು ಭಾಗಗಳಾದ ಬೆಳವಣಿಗೆಯ ಫಲಕಗಳು ಇನ್ನೂ ಮುಚ್ಚಿಕೊಂಡಿರದೆ ಇರಬಹುದು. ಪಾದದ ಎರಡನೆಯ ಬೆರಳಿನ ಉದ್ದ ಮೂಳೆಯ ಬುಡದಲ್ಲಿ ಉಂಟಾಗುವ ಒತ್ತಡದ ಬಿರುಕು ಬ್ಯಾಲೆ ನರ್ತಕಿಯರಲ್ಲಿ ಎಲ್ಲರಿಗೂ ಗೊತ್ತಿರುವ ತೊಂದರೆ. ಅದು ಆರಂಭವಾಗುವುದು ಪಾದದ ಮಧ್ಯದಲ್ಲಿ, ನರ್ತಿಸುವಾಗ ಮಾತ್ರ ಬರುವ ಸಣ್ಣ ನೋವಿನಿಂದ. ಆಗ ನಿಲ್ಲಿಸಿ ತೋರಿಸಿದರೆ ವಾರಗಳಲ್ಲಿ ಗುಣವಾಗುವಂಥದನ್ನು ‘ಟಿವಿಯಲ್ಲಿ ಅವರೆಲ್ಲ ಸಹಿಸಿಕೊಳ್ಳುತ್ತಾರೆ’ ಎಂದುಕೊಂಡು ಮುಚ್ಚಿಟ್ಟರೆ ತಿಂಗಳುಗಟ್ಟಲೆ ನೃತ್ಯದಿಂದ ದೂರವಿರಬೇಕಾಗುತ್ತದೆ.

ಊಟದ ವಿಷಯ ಇದಕ್ಕಿಂತಲೂ ಗಂಭೀರ. ದುಡಿಯುವ ದೇಹಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದಾಗ ಉಂಟಾಗುವ ತೊಂದರೆಗಳ ಗುಂಪಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ರೆಡ್-ಎಸ್ ಎಂಬ ಹೆಸರು ಕೊಟ್ಟಿತು. ಮುಟ್ಟು ನಿಲ್ಲುವುದು, ಮೂಳೆ ದುರ್ಬಲವಾಗುವುದು, ಮೇಲಿಂದ ಮೇಲೆ ಗಾಯ, ಸದಾ ಆಯಾಸ, ಸಿಡುಕು ಇವು ಅದರ ಲಕ್ಷಣಗಳು. ಹುಡುಗಿಯರು ಜೀವಮಾನದಲ್ಲಿ ಗಳಿಸಬಹುದಾದ ಗರಿಷ್ಠ ಮೂಳೆಯ ರಾಶಿಯಲ್ಲಿ ಶೇಕಡಾ 90ರವರೆಗೆ 18 ವರ್ಷದೊಳಗೇ ಗಳಿಸಿರುತ್ತಾರೆ. ಈ ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ. ತರಬೇತಿ ಹೆಚ್ಚಾದರೆ ಮುಟ್ಟು ನಿಲ್ಲುವುದು ಸಹಜ ಎಂಬ ಮಾತು ನೃತ್ಯದ ವಲಯಗಳಲ್ಲಿ ಈಗಲೂ ಕೇಳಿಬರುತ್ತದೆ, ಅದು ಖಂಡಿತ ಸಹಜವಲ್ಲ. ಶೋ ನೋಡತೊಡಗಿದ ಮೇಲೆ ನಿಮ್ಮ ಮಗಳು ಊಟದಲ್ಲಿ ಒಂದೊಂದನ್ನೇ ಬಿಡತೊಡಗಿದರೆ, ಎಲ್ಲರ ಜೊತೆ ಕುಳಿತು ಉಣ್ಣದಿರಲು ನೆಪ ಹೇಳತೊಡಗಿದರೆ, ಮೂರು ತಿಂಗಳು ಮುಟ್ಟಾಗದಿದ್ದರೆ ಶೋ ನಿಲ್ಲಿಸಿ ಸುಮ್ಮನಾಗಬೇಡಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಈಗಾಗಲೇ ಊಟದ ವಿಷಯದಲ್ಲಿ ತೊಂದರೆ ಅನುಭವಿಸಿದ ಅಥವಾ ಅದರಿಂದ ಚೇತರಿಸಿಕೊಳ್ಳುತ್ತಿರುವ ಮಕ್ಕಳಿಗೆ ಇಂಥ ಶೋಗಳನ್ನು ನಾನು ಯಾವ ವಯಸ್ಸಿಗೂ ಸಲಹೆ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಗಳು ಚೆನ್ನಾಗಿ ಉಣ್ಣುತ್ತಾಳೆ, ಆರೋಗ್ಯವಾಗಿದ್ದಾಳೆ, ಆದ್ದರಿಂದ ನೋಡಲು ಒಪ್ಪಿಗೆ ಕೊಡುತ್ತೇನೆ. ಆದರೆ ಜೊತೆಯಲ್ಲಿ ಕುಳಿತು ನೋಡುವುದೆಂದರೆ ಅವಳಿಗೆ ಕಿರಿಕಿರಿ. ನಾನು ನಡುನಡುವೆ ನಿಲ್ಲಿಸಿ ವಿವರಿಸಿದರೆ ‘ಅಮ್ಮ, ಇದು ಪಾಠ ಅಲ್ಲ’ ಎಂದು ಎದ್ದು ಹೋಗುತ್ತಾಳೆ. ಗೆಳತಿಯರ ಜೊತೆ ನೋಡಬೇಕೆಂಬುದು ಅವಳ ಆಸೆ. ಇದಕ್ಕೇನು ಮಾಡಲಿ?

ಪ್ರತಿಕ್ರಿಯೆ 5 (ಮೊದಲು ಬರೆದ ನೃತ್ಯ ಶಿಕ್ಷಕಿ)

ಮೇಡಂ, ಅವಳು ಹೇಳುವುದರಲ್ಲಿ ತಪ್ಪಿಲ್ಲ. ನಡುವೆ ನಿಲ್ಲಿಸಬೇಡಿ. ಒಂದು ದಿನಕ್ಕೆ ಒಂದೇ ಕಂತು ಎಂಬ ನಿಯಮ ಮಾಡಿಕೊಳ್ಳಿ, ಏಕೆಂದರೆ ಒಂದರ ಹಿಂದೆ ಒಂದು ನೋಡಿದಾಗ ಯೋಚಿಸಲು ಬಿಡುವೇ ಸಿಗುವುದಿಲ್ಲ. ಕಂತು ಮುಗಿದ ಮೇಲೆ ನೀವು ವಿವರಿಸುವ ಬದಲು ಅವಳನ್ನು ಕೇಳಿ. ನೃತ್ಯದ ಬಗ್ಗೆ ನಿಮಗಿಂತ ಅವಳಿಗೇ ಹೆಚ್ಚು ತಿಳಿದಿದೆ, ಹೇಳಲು ಅವಳಿಗೂ ಹೆಮ್ಮೆ. ‘ಆ ತಿರುವಿನಲ್ಲಿ ಅವರು ಏನನ್ನು ತಿದ್ದುತ್ತಿದ್ದರು?’, ‘ನಿರ್ದೇಶಕರ ಜಾಗದಲ್ಲಿ ನೀನಿದ್ದರೆ ಆ ಪಾತ್ರವನ್ನು ಯಾರಿಗೆ ಕೊಡುತ್ತಿದ್ದೆ, ಏಕೆ?’ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಮಕ್ಕಳು ತಾವಾಗಿಯೇ ಎತ್ತರ, ಜೋಡಿ, ಸಂಗೀತ, ಅನುಭವ ಎಂದು ತೂಗತೊಡಗುತ್ತಾರೆ. ಪಾತ್ರ ಸಿಗದಿರುವುದಕ್ಕೆ ಪ್ರತಿಭೆಯ ಕೊರತೆಯೊಂದೇ ಕಾರಣವಲ್ಲ ಎಂಬುದು ನೀವು ಹೇಳದೆಯೇ ಅವರ ಬಾಯಿಂದ ಬರುತ್ತದೆ. ಸಂಕಲನಕಾರರು ಹೇಳಿದ ಜೋಡಣೆಯ ತಂತ್ರವನ್ನು ಮೊದಲ ದಿನವೇ ಹೇಳಿಬಿಡಿ, ಆಮೇಲೆ ಹುಡುಗಿಯರೇ ಪೈಪೋಟಿಯ ಮೇಲೆ ಅದನ್ನು ಹುಡುಕುತ್ತಾರೆ.

ಗೆಳತಿಯರ ಜೊತೆ ನೋಡಲಿ, ಆದರೆ ಮೊದಲ ಕೆಲವು ಕಂತುಗಳನ್ನು ನಿಮ್ಮ ಮನೆಯಲ್ಲೇ ನೋಡಲಿ, ನೀವು ಅದೇ ಕೋಣೆಯಲ್ಲಿ ನಿಮ್ಮ ಕೆಲಸ ಮಾಡಿಕೊಂಡಿರಿ. ಯಾರಾದರೂ ಪರದೆಯ ಮೇಲಿನವರ ದೇಹವನ್ನು ಕುರಿತು ದಪ್ಪ, ಸಣ್ಣ ಎಂದು ಆಡಿಕೊಂಡರೆ, ಆ ಮಾತು ಬೇಡ ಎಂದು ಅಲ್ಲಿಯೇ ನೇರವಾಗಿ ಹೇಳಿ. ಬೇರೆ ಯಾವುದಕ್ಕೂ ನಡುವೆ ಬಾಯಿ ಹಾಕದ ನೀವು ಅದೊಂದಕ್ಕೆ ಮಾತ್ರ ಹಾಕಿದರೆ ಅವರಿಗೆ ಅದರ ತೂಕ ತಿಳಿಯುತ್ತದೆ. ಅವಳ ಗುರುಗಳಿಗೂ ಈ ಶೋ ನೋಡುತ್ತಿದ್ದಾಳೆಂದು ಒಂದು ಮಾತು ತಿಳಿಸಿ. ಕನ್ನಡಿಯ ಮುಂದೆ ಅವಳು ಹೇಗೆ ನಿಲ್ಲುತ್ತಾಳೆ ಎಂಬುದು ಮನೆಯವರಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ.